ಹಳ್ಳಕ್ಕೂ ಸ್ವಲ್ಪ ಬಟ್ಟೆ ಬಿಡಿ

ನಮ್ಮ ಬೀದಿಯಲ್ಲಿ ಎಲ್ಲಕ್ಕಿಂತ ತಗ್ಗಿನಲ್ಲಿರುವುದು ದರ್ಜಿಯ ಮನೆ. ಜೋರು ಮಳೆ ಬಂದರೆ ಹಿಂದಿನ ಹಳ್ಳ ಉಕ್ಕಿ, ಬಾಗಿಲನ್ನೂ ತಟ್ಟದೆ ನೇರವಾಗಿ ಒಳಗೆ ಬರುತ್ತಿತ್ತು. ಕಳೆದ ವರ್ಷ ದರ್ಜಿ ತನ್ನ ತಾಯಿಯನ್ನು ಎತ್ತಿ ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಕೂರಿಸಿದ್ದ. ಅಂದಿನಿಂದ ಮೋಡ ಕಂಡರೆ ಸಾಕು, ಮುದುಕಿ ಸ್ಟೂಲಿಟ್ಟುಕೊಂಡು ತಾನೇ ಮೇಜು ಹತ್ತುವಳು. ಮಳೆ ನಿಂತರೂ ಇಳಿಯಲು ಒಪ್ಪಳು. ಮಗ ಅವಳ ಸುತ್ತಲೇ ಬಟ್ಟೆ ಕತ್ತರಿಸಿಕೊಂಡಿದ್ದ.

ಈ ವರ್ಷ ನಗರಸಭೆ ಹಳ್ಳದ ದಂಡೆಯಲ್ಲಿ ಉದ್ಯಾನ ಮಾಡಿತು. ಸುತ್ತ ಎತ್ತರದಲ್ಲಿ ಮರ, ಬೆಂಚು, ಉಯ್ಯಾಲೆ. ನಡುವೆ ಮೆಟ್ಟಿಲಿಳಿದು ಹೋಗುವ ದೊಡ್ಡ ಹುಲ್ಲಿನ ತಗ್ಗು. ಮೊದಲ ಮಳೆಗೇ ಅಲ್ಲಿ ಮೊಣಕಾಲುದ್ದ ನೀರು ನಿಂತಿತು.

“ಪಾರ್ಕ್ ಮಾಡ್ರಪ್ಪಾ ಅಂದ್ರೆ ಬಾಣಲೆ ಮಾಡಿಟ್ಟಿದ್ದಾರೆ!” ಎಂದ ದರ್ಜಿ. ಅದನ್ನು ಸಮ ಮಾಡುವ ಪುಣ್ಯಕಾರ್ಯವನ್ನು ತಾನೇ ವಹಿಸಿಕೊಂಡು, ಒಡೆದ ಇಟ್ಟಿಗೆ ತಂದು ಸುರಿಯುವಂತೆ ಪಕ್ಕದ ಮನೆಯ ಗಾರೆ ಮೇಸ್ತ್ರಿಗೆ ಹೇಳಿದ. ಕಟ್ಟಡದ ಕಸ ಎಲ್ಲಿ ಸುರಿಯಲಿ ಎಂದು ಹುಡುಕುತ್ತಿದ್ದ ಮೇಸ್ತ್ರಿಗೆ ಸಮಾಜಸೇವೆಯಲ್ಲಿ ತಕ್ಷಣ ಆಸಕ್ತಿ ಹುಟ್ಟಿತು.

ಅಷ್ಟರಲ್ಲಿ ದರ್ಜಿಯ ನಾದಿನಿ ಬಂದಳು. ನಗರಸಭೆಯಲ್ಲಿ ನಕ್ಷೆ ಬರೆಯುವವಳು. ಉದ್ಯಾನದ ನಕ್ಷೆಯೂ ಅವಳದೇ. ಇಟ್ಟಿಗೆಯ ಸುದ್ದಿ ಅವಳ ಕಿವಿಗೂ ಬಿದ್ದಿತ್ತು. ಆದರೆ ಬಂದದ್ದು ಹಳೆಯ ಅಂಗಿಯೊಂದನ್ನು ಹಿಡಿದು.

“ಭಾವ, ಅಂಗಿ ಕುಗ್ಗಿಬಿಟ್ಟಿದೆ.”

“ಅಂಗಿ ಕುಗ್ಗಿಲ್ಲಮ್ಮ, ನೀನು ಹಿಗ್ಗಿದ್ದೀಯ. ತಾ ಇಲ್ಲಿ, ಬಿಚ್ಚಿಕೊಡ್ತೀನಿ. ನಾನು ಒಳಗೆ ಬಟ್ಟೆ ಬಿಡದೆ ಹೊಲಿಯೋನಲ್ಲ. ಮನುಷ್ಯರು ಇದ್ದ ಹಾಗೇ ಇರ್ತಾರಾ?”

“ಹಳ್ಳ ಮಾತ್ರ ಇರುತ್ತಾ ಭಾವ?”

ನಾದಿನಿ ಉದ್ಯಾನದ ಕಡೆ ಕೈ ತೋರಿಸಿದಳು.

“ಮಳೆಗಾಲದಲ್ಲಿ ಅದಕ್ಕೂ ಮೈ ಬರುತ್ತೆ. ಆಗ ಹರಡ್ಕೊಳ್ಳೋಕೆ ಅಂತಲೇ ಆ ತಗ್ಗು ಬಿಟ್ಟಿರೋದು. ಅದನ್ನ ನೀವು ತುಂಬಿಸಿದ್ರೆ ಹಳ್ಳ ಎಲ್ಲಿಗೆ ಹೋಗ್ಬೇಕು ಹೇಳಿ?”

“ನನ್ನ ಹತ್ರ,” ಎಂದಳು ಮೇಜಿನ ಮೇಲಿದ್ದ ಮುದುಕಿ.

ದರ್ಜಿ ಅಷ್ಟು ಸುಲಭಕ್ಕೆ ಸೋಲುವವನಲ್ಲ. “ನಿಂತ ನೀರಿಗೆ ಸೊಳ್ಳೆ ಬರಲ್ವಾ?”

“ಹಳ್ಳ ಇಳಿದ ಮೇಲೆ ತಗ್ಗಿನ ತೂಬಿನಿಂದ ನೀರು ವಾಪಸ್ ಹಳ್ಳಕ್ಕೇ ಹೋಗುತ್ತೆ. ಒಂದೆರಡು ದಿನದಲ್ಲಿ ಮಕ್ಕಳು ಆಡಬಹುದು. ಆ ತೂಬಿಗೆ ಯಾರಾದ್ರೂ ಪುಣ್ಯಾತ್ಮರು ಇಟ್ಟಿಗೆ ತುರುಕಿದ್ರೆ ಮಾತ್ರ ಸೊಳ್ಳೆಗೆ ಸುಗ್ಗಿ.”

ಹೊರಗೆ ಗಾಡಿಯ ಸದ್ದಾಯಿತು. ದರ್ಜಿ ಕತ್ತರಿ ಹಿಡಿದುಕೊಂಡೇ ಓಡಿದ. ಕತ್ತರಿಯನ್ನು ನೋಡಿದ ಮೇಸ್ತ್ರಿ ಮರುಮಾತಾಡದೆ ಗಾಡಿ ತಿರುಗಿಸಿದ.

ಮುಂದಿನ ವಾರ ಮಳೆ ಹಿಡಿಯಿತು. ಮುದುಕಿ ಮೇಜು ಹತ್ತಿದಳು. ದರ್ಜಿ ಬಾಗಿಲಲ್ಲೇ ನಿಂತ. ಉದ್ಯಾನದ ತಗ್ಗಿನಲ್ಲಿ ನೀರು ಒಂದೊಂದೇ ಮೆಟ್ಟಿಲು ಏರಿತು. ಬೀದಿಯ ಚರಂಡಿ ತುಂಬಿ ಹರಿಯಿತು. ನೀರು ಹೊಸ್ತಿಲು ಮಾತ್ರ ದಾಟಲಿಲ್ಲ.

“ಬಂತೇನೋ?”

“ಇಲ್ಲಮ್ಮ.”

“ಯಾಕಂತೆ?”

“ಪಾರ್ಕಿಗೆ ಹೋಗಿದೆಯಂತೆ. ಗಾಳಿ ಸೇವನೆಗೆ.”

ಮುದುಕಿ ನಕ್ಕಳು. ಮಗನ ಹೆಗಲು ಹಿಡಿದು ಒಂದು ಕಾಲು ಇಳಿಬಿಟ್ಟು, ಹೆಬ್ಬೆರಳಿನಿಂದ ನೆಲ ಮುಟ್ಟಿ ನೋಡಿದಳು. ಒಣಗಿತ್ತು. ಇನ್ನೊಂದು ಕಾಲನ್ನೂ ಇಳಿಸಿದಳು.

“ಕೂತು ಕೂತು ಸೊಂಟ ಬಿದ್ದುಹೋಗಿತ್ತು ಕಣೋ. ನೀನು ಹೆದರ್ತೀಯ ಅಂತ ಹೇಳಿರಲಿಲ್ಲ.”

ಓದುವವರೇ, ನಿಮ್ಮೂರಲ್ಲೂ ಇಂಥ ಉದ್ಯಾನ ಇದ್ದರೆ, ಒಣಗಿದ ದಿನ ಹೋಗಿ ಆಡಿ, ನಡೆಯಿರಿ, ಹರಟೆ ಹೊಡೆಯಿರಿ. ನೀರು ನಿಂತ ದಿನ ಕೆಳಗಿಳಿಯಬೇಡಿ, ಮಕ್ಕಳನ್ನೂ ಬಿಡಬೇಡಿ. ಯಾರಾದರೂ ಅಲ್ಲಿ ಕಸ, ಮಣ್ಣು ಸುರಿಯಲು ಬಂದರೆ ತಡೆಯಿರಿ. ಇಂಥ ಜಾಗವೇ ಇಲ್ಲದಿದ್ದರೆ ನಿಮ್ಮ ನಗರಸಭೆಯನ್ನು ಕೇಳಿ. ನಿಮ್ಮ ಬೀದಿಯ ತಗ್ಗಿನ ಮನೆಯಲ್ಲೂ ಯಾರೋ ಒಬ್ಬರು ಮಳೆಯ ಸದ್ದು ಕೇಳುತ್ತಾ ಎಚ್ಚರವಾಗಿರುತ್ತಾರೆ. ಅವರಿಗೂ ಒಂದಿಷ್ಟು ನಿದ್ದೆ ಬರಲಿ.