ಕೆಂಪು ದಾರ

ಅಕ್ಕನದು ಮೂವತ್ತೊಂದು ವರ್ಷದ ಚಾಳಿ. ಬನಿಯನ್ ಕಾರ್ಖಾನೆಯ ಚೆಕಿಂಗ್ ಮೇಜಿನ ಮುಂದೆ ನಿಂತು ನಿಂತು ಕಾಲು ಸೋತು ನಿವೃತ್ತಳಾದರೂ, ಯಾವ ಬಟ್ಟೆ ಕೈಗೆ ಬಂದರೂ ಮೊದಲು ಒಳಮಗ್ಗುಲು ತಿರುವಿ ಹೊಲಿಗೆ ನೋಡಲೇಬೇಕು. ನೆಂಟರ ಮನೆಗೆ ಹೋದರೆ ದಿಂಬಿನ ಚೀಲವನ್ನೂ ಬಿಟ್ಟವಳಲ್ಲ. ತಪ್ಪಿದ್ದ ಬಟ್ಟೆಗೆ ಒಂದೆಳೆ ಕೆಂಪು ದಾರ ಕಟ್ಟುವುದು ಕಾರ್ಖಾನೆಯ ಪದ್ಧತಿ. ದಾರ ಕಂಡರೆ ಆ ಮಾಲು ಹೊರಗೆ ಹೋಗುವಂತಿಲ್ಲ.

ಬೀದಿಯಲ್ಲಿ ಮಲಗುವವರಿಗೆ ಪ್ರತಿ ಶನಿವಾರ ಬಟ್ಟೆ ಹಂಚುತ್ತಿದ್ದ ತಂಗಿ ಒಂದು ದಿನ ಗೋಳು ತೋಡಿಕೊಂಡಳು. "ಕೋಟು ಕೊಡ್ತಾರೆ, ಕಂಬಳಿ ಕೊಡ್ತಾರೆ. ಒಳಉಡುಪು ಮಾತ್ರ ಯಾರಿಗೂ ನೆನಪಾಗಲ್ಲ ಅಕ್ಕಾ. ಬಾಯಿಬಿಟ್ಟು ಕೇಳೋಕೆ ಅವರಿಗೂ ನಾಚಿಕೆ."

ಅಕ್ಕ ಹಳೆಯ ಮಾಲೀಕರ ಬೆನ್ನು ಬಿದ್ದು ಎರಡು ಮೂಟೆ ಚಡ್ಡಿ, ಬನಿಯನ್, ಕಾಲುಚೀಲ ತರಿಸಿದಳು. ಬಿಚ್ಚಿ ನೋಡಿದರೆ ಅರ್ಧಕ್ಕರ್ಧ ರಿಜೆಕ್ಟ್ ಆದ ಮಾಲು. ಕಟ್ಟಿದ್ದೇ ಕಟ್ಟಿದ್ದು ಕೆಂಪು ದಾರ!

"ಇರಲಿ ಬಿಡಕ್ಕಾ, ಒಳಗೆ ಹಾಕ್ಕೊಳ್ಳೋದನ್ನ ಯಾರು ನೋಡ್ತಾರೆ?"

"ಹಾಕ್ಕೊಂಡೋರಿಗೆ ಗೊತ್ತಾಗುತ್ತಲ್ಲೇ! ದಿನವಿಡೀ ನಡೆಯೋರು ಅವರು. ತೊಡೆ ಉಜ್ಜಿ ಗಾಯ ಆದ್ರೆ ನೀನು ಹೋಗಿ ಮುಲಾಮು ಹಚ್ತೀಯಾ? ನನ್ನ ಕೈಯಿಂದ ರಿಜೆಕ್ಟ್ ಮಾಲು ಯಾರಿಗೂ ಹೋಗಲ್ಲ."

ಹೇಳುವುದೇನೋ ಹೇಳಿಬಿಟ್ಟಳು. ಶನಿವಾರಕ್ಕೆ ಮೂರೇ ದಿನ. ಮುಗಿಯದಿದ್ದರೆ ಬಟ್ಟೆಗೆ ಬಂದವರಲ್ಲಿ ಅರ್ಧ ಜನ ಬರಿಗೈಲಿ ಹೋಗಬೇಕು. ಅಕ್ಕ ಹೊಲಿಗೆ ಯಂತ್ರದ ಮುಂದೆ ಠಿಕಾಣಿ ಹೂಡಿದಳು. ಬಿಚ್ಚಿ ಹೊಲಿದು, ಎಳೆದು ನೋಡಿ, ಆಮೇಲಷ್ಟೇ ಕೆಂಪು ದಾರ ಕತ್ತರಿಸುವುದು. ಶುಕ್ರವಾರ ಸಂಜೆಗೆ ಮೂಟೆ ಮುಗಿಯಿತು, ಅಕ್ಕನ ಸೊಂಟದ ಕಥೆಯೂ ಮುಗಿಯಿತು.

ಮರುದಿನ ತಂಗಿ ಬಟ್ಟೆ ಹಂಚುವ ಸಭಾಂಗಣದಲ್ಲಿ ಉದ್ದ ಸಾಲು. ಬೂದು ಕೋಟಿನ ಹೆಂಗಸೊಬ್ಬಳು ಪೊಟ್ಟಣ ಹಿಡಿದು ಮೂಲೆಗೆ ಹೋದವಳು ಎರಡೇ ನಿಮಿಷದಲ್ಲಿ ಮರಳಿ ಬಂದು ಚಡ್ಡಿಯನ್ನು ಮೇಜಿನ ಮೇಲಿಟ್ಟಳು. ಒಳಮಗ್ಗುಲಲ್ಲಿ ಕೆಂಪು ದಾರ.

"ಫೇಲಾದ ಮಾಲು ಇದು. ನಾನೂ ಗಾರ್ಮೆಂಟ್ಸಲ್ಲಿ ಇದ್ದೋಳೇ. ನನಗೆ ಬೇಡ."

ತಂಗಿಗೆ ಸಿಟ್ಟು ನೆತ್ತಿಗೇರಿತು. "ಪುಕ್ಕಟೆ ಕೊಟ್ಟದ್ದನ್ನ..." ಎನ್ನುವಷ್ಟರಲ್ಲಿ ಅಕ್ಕ ಅವಳ ಕೈ ಅದುಮಿದಳು. ಚಡ್ಡಿಯನ್ನು ಎಳೆದು ನೋಡಿದಳು. ಎಲಾಸ್ಟಿಕ್ ಒಂದು ಕಡೆ ಬಿಟ್ಟೇ ಇತ್ತು. ಮೂವತ್ತೊಂದು ವರ್ಷದ ಕಣ್ಣು ತಪ್ಪಿತ್ತು. ಮುಖ ಇಂಗು ತಿಂದ ಮಂಗನಂತಾಯಿತು.

"ನೀವು ಹೇಳಿದ್ದು ಸರಿ. ತಪ್ಪು ನಂದು," ಎಂದು ಇನ್ನೊಂದು ಕೊಟ್ಟಳು.

ಹೆಂಗಸಿಗೆ ಆತುರವೇ ಇಲ್ಲ. ತಿರುವಿ ಹಾಕಿದಳು, ಸೊಂಟಪಟ್ಟಿಯುದ್ದಕ್ಕೂ ಹೆಬ್ಬೆರಳು ಆಡಿಸಿದಳು, ಎರಡೂ ಕೈಯಲ್ಲಿ ಜಗ್ಗಿದಳು. ಹಿಂದೆ ಸಾಲು ನಿಂತೇ ಇತ್ತು. ಕೆಲಸಕ್ಕೆ ಸೇರಿದ ಮೊದಲ ದಿನವೂ ಅಕ್ಕ ಇಷ್ಟು ಹೆದರಿರಲಿಲ್ಲ.

"ಪಾಸ್," ಎಂದಳು ಹೆಂಗಸು. ಮಡಚಿ ಕೋಟಿನೊಳಗೆ ಇಟ್ಟುಕೊಂಡು, ತಲೆಯೆತ್ತಿ ಹೊರಟಳು.

ಅವಳ ಹಿಂದಿದ್ದ ಮುದುಕ ತನ್ನ ಬನಿಯನ್ನನ್ನು ತಿರುವಿ ಹಾಕಿದ. ಅವನ ಹಿಂದಿನವನೂ ಹಾಗೇ ಮಾಡಿದ.

"ಅಯ್ಯೋ, ಹೀಗಾದ್ರೆ ಸಂಜೆ ಆಗುತ್ತೆ ಅಕ್ಕಾ!"

"ಆಗಲಿ," ಎಂದಳು ಅಕ್ಕ, ನೋಯುವ ಸೊಂಟ ನೆಟ್ಟಗೆ ಮಾಡಿಕೊಂಡು. "ನೋಡಿ ಸ್ವಾಮಿ, ಚೆನ್ನಾಗಿ ಎಳೆದು ನೋಡಿ ತಗೊಳ್ಳಿ!"