ಟೆಂಟಿನೊಳಗೆ ಉಜ್ಜಪ್ಪ ಕೂಗಿದ್ದು

ಬಂದಳಿಕೆಯ ಉಜ್ಜಪ್ಪನಿಗೆ ಕತ್ತಲೆಯ ಭಯವೆಂಬುದೇ ಇರಲಿಲ್ಲ. ಕುರಿ ಹಿಂಡಿನ ಜೊತೆಗೇ ಬೆಳೆದವನು. ವರ್ಷದಲ್ಲಿ ಅರ್ಧ ಭಾಗ ಸೊರಬದ ಕಡೆಯ ಗದ್ದೆಗಳಲ್ಲಿ ಗೊಬ್ಬರಕ್ಕೆಂದು ಹಿಂಡು ತರುಬಿ ನಿಲ್ಲಿಸಿ, ಕಂಬಳಿ ಹೊದ್ದು ಬಯಲಲ್ಲೇ ಮಲಗುವವನು. ಊರಿನ ಪಾಳು ಗುಡಿಗಳಲ್ಲಿ ದೆವ್ವವಿದೆ ಎಂದು ಯಾರಾದರೂ ಅಂದರೆ, "ಎಷ್ಟೋ ಸಲ ಅಲ್ಲೇ ಮಲಗೀನಿ. ಬಾವಲಿ ಬಿಟ್ರೆ ಯಾರೂ ಮಾತಾಡ್ಸಿಲ್ಲ" ಎಂದು ನಗುತ್ತಿದ್ದ.

ಅಂಥ ಉಜ್ಜಪ್ಪ ಶಿಕಾರಿಪುರದ ಟೂರಿಂಗ್ ಟಾಕೀಸಿನಲ್ಲಿ, ಕಿಕ್ಕಿರಿದ ಜನರ ನಡುವೆ, "ಅಯ್ಯಯ್ಯಪ್ಪೋ" ಎಂದು ಕೂಗಿಕೊಂಡ.

ಸಂತೆಗೆ ಹೋದವನನ್ನು ಗೆಳೆಯ ಗೋಪಾಲಪ್ಪ ಮೊದಲನೇ ಆಟಕ್ಕೆ ಎಳೆದುಕೊಂಡು ಹೋಗಿದ್ದ. ದೆವ್ವದ ಸಿನಿಮಾ, ಅದೂ ಹಿಂದಿಯದು. ಮಾತು ಒಂದೂ ತಿಳಿಯಲಿಲ್ಲ, ತಿಳಿಯಬೇಕಾಗಿಯೂ ಇರಲಿಲ್ಲ. ದೊಡ್ಡದೊಂದು ಬಂಗಲೆ. ಯಜಮಾನ ಊರಲ್ಲಿಲ್ಲ. ಅವನ ಹೆಂಡತಿ ದೀಪ ಹಿಡಿದು ಉದ್ದನೆಯ ಪಡಸಾಲೆಯಲ್ಲಿ ಬರುತ್ತಾಳೆ. ಗೋಡೆಯ ಮೇಲೆ ಅವಳ ನೆರಳು ಅವಳಿಗಿಂತ ಎತ್ತರ. ಕಿಟಕಿಯ ಬಿಳಿ ಪರದೆ ಯಾರೋ ಉಸಿರಾಡಿದಂತೆ ಉಬ್ಬುತ್ತದೆ, ಇಳಿಯುತ್ತದೆ. ಇದ್ದಕ್ಕಿದ್ದಂತೆ ವಾದ್ಯವೆಲ್ಲ ನಿಂತುಹೋಯಿತು. ಅವಳು ಬಾಗಿಲಿಗೆ ಕಿವಿಗೊಟ್ಟು ನಿಂತಳು. ಆಚೆ ಹೆಜ್ಜೆ ಸಪ್ಪಳ. ಹತ್ತಿರವಾಯಿತು. ನಿಂತಿತು. ಬಾಗಿಲ ಹಿಡಿ ಮೆಲ್ಲಗೆ ತಿರುಗಿತು.

ಉಜ್ಜಪ್ಪ ಕೂಗಿದ್ದು ಆಗಲೇ. ಅವನ ದುರದೃಷ್ಟಕ್ಕೆ ಅಲ್ಲಿಗೇ ರೀಲು ಮುಗಿದು ದೀಪ ಹತ್ತಿತು. ಕಂಬಳಿಯನ್ನು ತಲೆಯವರೆಗೆ ಎಳೆದುಕೊಂಡು ಎದ್ದು ನಿಂತಿದ್ದ ಅವನನ್ನು ಟೆಂಟಿಗೆ ಟೆಂಟೇ ನೋಡಿ ನಕ್ಕಿತು. ಮರುದಿನದ ಹೊತ್ತಿಗೆ ಸುದ್ದಿ ಬಂದಳಿಕೆಯನ್ನೂ ಮುಟ್ಟಿತ್ತು.

ನಗುವವರು ನಗಲಿ, ಅವನನ್ನು ಕಾಡಿದ್ದು ಬೇರೆಯೇ. "ದೆವ್ವಾನ ತೋರಿಸ್ಲೇ ಇಲ್ಲ ಕಣೇ" ಎಂದ ಹೆಂಡತಿ ಮಾಳಮ್ಮನಿಗೆ. "ತೋರಿಸಿದ್ರೆ ನೋಡಿ ನಕ್ಕುಬಿಡ್ತಿದ್ದೆ. ಬರೀ ಸಪ್ಪಳ, ಬರೀ ನೆರಳು. ಅದ್ರಾಗೇ ಎದೆ ಹಿಂಡಿಬಿಟ್ರಲ್ಲ! ಏನ್ ಕೈಗುಣಾನೋ ಅವರದ್ದು. ನೀನೂ ಒಂದು ಸಲ ನೋಡ್ಬೇಕು."

ಅವಳೂ ಕೂಗಿಕೊಂಡರೆ ತನ್ನ ಮರ್ಯಾದೆ ಅಷ್ಟರಮಟ್ಟಿಗೆ ಉಳಿದೀತು ಎಂಬ ಆಸೆಯೂ ಅವನಿಗಿತ್ತು. ವಾರ ಕಳೆಯುವುದರೊಳಗೆ ಊರವರ ಗಾಡಿಯಲ್ಲಿ ಅವಳನ್ನು ಕರೆದುಕೊಂಡು ಹೋದ. ಹೆಂಗಸರ ಕಡೆಗೂ ಗಂಡಸರ ಕಡೆಗೂ ನಡುವೆ ಮೋಟುಗೋಡೆ. ಬಾಗಿಲ ಹಿಡಿ ತಿರುಗುವ ಹೊತ್ತಿಗೆ ಉಜ್ಜಪ್ಪ ಪರದೆ ಬಿಟ್ಟು ಗೋಡೆಯಾಚೆ ನೋಡಿದ. ಹೆಂಗಸರೆಲ್ಲ ಒಬ್ಬರನ್ನೊಬ್ಬರು ತಬ್ಬಿಕೊಂಡಿದ್ದರು. ಮಾಳಮ್ಮ ಮಾತ್ರ ಕೂತಲ್ಲೇ ಮುಂದಕ್ಕೆ ಬಾಗಿ, ಬಲ್ಲವರ ಮಾತು ಕೇಳುವವಳಂತೆ ತಲೆದೂಗುತ್ತಿದ್ದಳು.

ವಾಪಸು ಬರುವಾಗ ಇಬ್ಬರೂ ಗಾಡಿ ಇಳಿದು ಹಿಂದೆ ನಡೆದರು.

"ನಿನಗೆ ಹೆದ್ರಿಕೆ ಆಗ್ಲಿಲ್ವಾ?"

"ಹೊಸದಾಗಿ ಏನ್ ಹೆದರ್ಲಿ? ನೀವು ಹಿಂಡು ಹೊಡ್ಕೊಂಡು ಹೋದ್ಮೇಲೆ ನಾನೂ ಹಂಗೇ ನಿಂತಿರ್ತೀನಿ, ಬಾಗಿಲಿಗೆ ಕಿವಿ ಕೊಟ್ಟು."

ಮಗಳು ಮದುವೆಯಾಗಿ ಹೋದ ಮೇಲೆ ಮನೆಯಲ್ಲಿ ಅವಳೊಬ್ಬಳೇ. ಉಜ್ಜಪ್ಪ ಅದನ್ನು ಒಂದು ಸಂಗತಿಯೆಂದು ಎಣಿಸಿರಲೇ ಇಲ್ಲ.

"ಆ ಸಿನಿಮಾ ಮಾಡ್ದೋರು ಯಾರೋ ಏನೋ" ಎಂದಳು ಮಾಳಮ್ಮ. "ಒಂಟಿ ಹೆಂಗಸಿನ ಕಿವಿ ಹೆಂಗಿರ್ತೈತಿ ಅಂತ ಅವರಿಗೆ ಗೊತ್ತು. ಹೋದ ವರ್ಷ ಕ್ಯಾಸನೂರು ಕಡೆ ಮಂಗ ಸಾಯ್ತಾವೆ, ಜ್ವರ ಬಂದು ಜನಾನೂ ಸಾಯ್ತಾರೆ ಅಂತ ಸುದ್ದಿ ಬಂತಲ್ಲ, ನೀವು ಅಲ್ಲೇ ಹತ್ರ, ಸೊರಬದಾಗೇ ಇದ್ರಿ. ಹೊರಗೆ ಸಪ್ಪಳ ಆದ್ರೆ ನೀವೇ ಬಂದ್ರೋ, ನಿಮ್ಮ ಸುದ್ದಿ ತಂದೋರು ಬಂದ್ರೋ ಅಂತ ಅಗುಳಿ ತೆಗಿಯಾಕೆ ಕೈ ಬರ್ತಿರ್ಲಿಲ್ಲ."

"ಹೇಳಬಾರ್ದಿತ್ತೇನೇ?"

"ಹೆದ್ರಿಕೆ ಅಂದ್ರೆ ಗೊತ್ತಿಲ್ಲದೋರಿಗೆ ಏನಂತ ಹೇಳ್ಲಿ?"

ಉಜ್ಜಪ್ಪ, "ಈ ಸಲ ನಾನು ಹೋಗಾದಿಲ್ಲ ಬಿಡು" ಎಂದ.

"ಹೋಗ್ದೆ ಕುರಿಗೇನು ತಿನ್ನಿಸ್ತೀರಿ? ಹೋಗ್ರಿ. ಬರೋವಾಗ ಮಾತ್ರ ಸದ್ದಿಲ್ದಂಗೆ ಬಂದು ಬಾಗಿಲು ಬಡೀಬ್ಯಾಡ್ರಿ. ಕೇರಿ ತುದೀಲೇ ಕೂಗ್ರಿ. ಅಷ್ಟು ಮಾಡ್ರಿ ಸಾಕು."

ಹಿಂಡು ಹೊರಡುವ ಮುನ್ನ ಉಜ್ಜಪ್ಪ ಪಕ್ಕದ ಮನೆಯ ಗುಡ್ಡಮ್ಮಜ್ಜಿಯನ್ನು ಕಂಡು, ತಾನು ಬರುವವರೆಗೆ ಮಾಳಮ್ಮನ ಜೊತೆ ಮಲಗಲು ಒಪ್ಪಿಸಿದ. ಕಾರಣ ಕೇಳಿದವರಿಗೆ, "ನನಗೇ ಹೆದ್ರಿಕೆ ಕಣ್ರಿ" ಎಂದ.

ಮಳೆಗಾಲ ಹತ್ತಿರವಾದಾಗ ಅವನು ತಿರುಗಿ ಬಂದ. ಮನೆಗಳಲ್ಲಿ ದೀಪ ಹಚ್ಚುವ ಹೊತ್ತು. ಕೇರಿಯ ತುದಿಯಲ್ಲಿ ನಿಂತು, ಹೊಲದಾಚೆಯ ಕುರಿಯನ್ನು ಕರೆಯುವಷ್ಟೇ ಜೋರಾಗಿ, "ಮಾಳೀ! ನಾನು ಕಣೇ, ಉಜ್ಜಪ್ಪ!" ಎಂದು ಕೂಗಿದ. ನಾಯಿಗಳು ಬೊಗಳಿದವು. ಗೋಪಾಲಪ್ಪ ಜಗಲಿಯಿಂದಲೇ, "ಮತ್ತೆ ದೆವ್ವ ಬಂತೇನಲೇ?" ಎಂದು ನಕ್ಕ. ಉಜ್ಜಪ್ಪ ಅವನ ಕಡೆ ನೋಡದೆ ಮತ್ತೊಮ್ಮೆ ಕೂಗಿದ.

ಅವನು ಅಂಗಳ ಮುಟ್ಟುವಷ್ಟರಲ್ಲಿ ಬಾಗಿಲು ಪೂರ್ತಿ ತೆರೆದಿತ್ತು. ಮಾಳಮ್ಮ ಹೊಸ್ತಿಲಾಚೆ ಬಂದು ನಿಂತಿದ್ದಳು.

"ಊರಿಗೆಲ್ಲಾ ಕೇಳೋಂಗೆ ಕೂಗ್ರಿ ಅಂದಿದ್ನಾ?" ಎಂದಳು, ಅವನ ಹೆಗಲಿನ ಕಂಬಳಿ ಇಳಿಸಿಕೊಳ್ಳುತ್ತಾ.