ಹದಿನೇಳನೇ ನಂಬರ್ ಸ್ಪ್ಯಾನರ್

ಗಂಡ ಸಂಡಿಗೆಗೂ ಬೋಲ್ಟು ಹಾಕುತ್ತಾನೆಂದು ಮೊದಲೇ ಗೊತ್ತಿದ್ದರೆ ಚಿಕ್ಕಮಾದಮ್ಮ ಅಷ್ಟು ಜನರ ಮುಂದೆ ಮಾತು ಕೊಡುತ್ತಲೇ ಇರಲಿಲ್ಲ. ಕೊಟ್ಟಾಗಿತ್ತು, ಇನ್ನೇನು ಮಾಡುವುದು! ಏಪ್ರಿಲ್ ಹದಿನಾಲ್ಕಕ್ಕೆ ಅಂಬೇಡ್ಕರ್ ಜಯಂತಿ. ಅಶೋಕಪುರಂನ ಅವರ ಬೀದಿಯಲ್ಲಿ ಅವತ್ತು ಇನ್ನೂರೈವತ್ತು ಎಲೆ ಊಟ. “ಸಂಡಿಗೆ ನಂದು. ಅಂಗಡೀದು ಯಾರೂ ತರಬ್ಯಾಡಿ” ಎಂದು ಸಭೆಯಲ್ಲಿ ಎದ್ದು ನಿಂತು ಹೇಳಿದವಳು ಅವಳೇ. ಅಡುಗೆಯ ಉಸ್ತುವಾರಿ ಎದುರುಮನೆಯ ದಾಕ್ಷಾಯಣಮ್ಮನದು. ಆಕೆ ಹುಬ್ಬು ಹಾರಿಸಿ, “ನೋಡವ್ವ, ಆಮೇಲೆ ಕೈ ಎತ್ತಬ್ಯಾಡ” ಎಂದಿದ್ದಳು.

ಆ ಹುಬ್ಬು ಹಾರಿದ್ದಕ್ಕೆ ಕಾರಣ ಸಂಡಿಗೆಯಲ್ಲ, ಚಿಕ್ಕಮಾದಮ್ಮನ ಗಂಡ ಮಂಟೇಸ್ವಾಮಿ. ಹೋದ ವರ್ಷದ ಬೇಸಿಗೆಯ ಗಾಳಿಮಳೆಗೆ ಇವರ ಬಚ್ಚಲಿನ ತಗಡಿನ ಶೀಟು ಕಿತ್ತುಕೊಂಡು, ಬೀದಿ ದಾಟಿ, ಸೀದಾ ದಾಕ್ಷಾಯಣಮ್ಮನ ನೀರಿನ ಡ್ರಮ್ಮಿನ ಮೇಲೆ ಬಿದ್ದಿತ್ತು. ಡ್ರಮ್ಮು ಎರಡು ಹೋಳು. ಪುಣ್ಯಕ್ಕೆ ಯಾರಿಗೂ ಏಟಾಗಲಿಲ್ಲ. ಆದರೆ ಅಲ್ಲಿಂದಾಚೆಗೆ ಎಲೆ ಅಲ್ಲಾಡಿದರೂ ಸಾಕು, ಬೀದಿಯ ಯಾರಾದರೊಬ್ಬರು, “ಮಂಟಣ್ಣ, ಶೀಟು ಕಟ್ಟಾಕಿದ್ದೀಯಾ?” ಎಂದು ಕೂಗಿ ಹೋಗುವವರೇ. ಮೂವತ್ತಮೂರು ವರ್ಷ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದವನಿಗೆ ಇದಕ್ಕಿಂತ ಅವಮಾನ ಬೇಕೆ? ಪಾಪ, ರಿಟೈರ್ ಆದಾಗಲೂ ಅವನು ಅಷ್ಟು ಸಪ್ಪಗಾಗಿರಲಿಲ್ಲ.

ಹಾಗಾಗಿ ಈ ವರ್ಷ ಶಿವರಾತ್ರಿ ಕಳೆದದ್ದೇ ತಡ, ಮನೆಯನ್ನು ಬೇಸಿಗೆಗೆ ಸಜ್ಜು ಮಾಡಲು ಕೂತುಬಿಟ್ಟ. ಬಿಸಿಲಿಗೆ ತಾರಸಿ ಕಾಯದಿರಲೆಂದು ಎರಡು ಸಲ ಸುಣ್ಣ ಬಳಿದ. ನೀರಿನ ಟ್ಯಾಂಕಿನ ಮುಚ್ಚಳಕ್ಕೆ ಸರಪಳಿ ಬಂತು. ಹೂಕುಂಡಗಳನ್ನೂ ಗೋಡೆಗೆ ತಂತಿಯಿಂದ ಬಿಗಿದ. ಬಚ್ಚಲಿಗೆ ಕಾಂಕ್ರೀಟಿನ ಮೋಲ್ಡು ಹಾಕಿಸಿ, ಆ ತಪ್ಪಿತಸ್ಥ ಶೀಟನ್ನು ಮಾತ್ರ ಗುಜರಿಗೆ ಹಾಕದೆ, ಟ್ಯಾಂಕಿನ ಕಂಬಕ್ಕೆ ಒಂದು ಬೋಲ್ಟು ಜಡಿದು ನಿಲ್ಲಿಸಿದ. ಎಲ್ಲ ಬೋಲ್ಟಿಗೂ ಒಂದರ ಮೇಲೊಂದು ಎರಡು ನಟ್ಟು. ಬಿಗಿದದ್ದನ್ನು ಕೈಯಿಂದ ಅಲ್ಲಾಡಿಸಿ ನೋಡಿ, ಪಕ್ಕದಲ್ಲಿ ಕೆಂಪು ಬಣ್ಣದ ಸರಿ ಗುರುತು ಎಳೆಯುವುದು ವರ್ಕ್‌ಶಾಪಿನ ಪದ್ಧತಿ. “ಗುರುತು ಬಿತ್ತು ಅಂದ್ರೆ ಮುಗೀತು ಕಣಮ್ಮಿ. ಇನ್ನ ಯಾರಪ್ಪ ಬಂದ್ರೂ ಅಲ್ಲಾಡಕಿಲ್ಲ” ಎನ್ನುತ್ತಿದ್ದ.

ಹತ್ತನೇ ತಾರೀಕು ಚಿಕ್ಕಮಾದಮ್ಮ ತಾರಸಿಯಲ್ಲಿ ಒಂದಕ್ಕೊಂದು ತಾಗಿಸಿಟ್ಟ ಎರಡು ಕಬ್ಬಿಣದ ಮಂಚದ ಮೇಲೆ ಪ್ಲಾಸ್ಟಿಕ್ ಹಾಸಿ ಅಕ್ಕಿ ಸಂಡಿಗೆ ಒತ್ತಿದಳು. ಮಾರನೇ ದಿನ ಅಡುಗೆ ಮುಗಿಸಿ ಮೇಲೆ ಬಂದು ನೋಡುತ್ತಾಳೆ, ಎರಡೂ ಮಂಚಕ್ಕೆ ಗೇಣೆತ್ತರದ ಕಬ್ಬಿಣದ ಚೌಕಟ್ಟು, ಅದರ ತುಂಬ ತಂತಿಬಲೆ, ಮೂಲೆಮೂಲೆಗೂ ಬೋಲ್ಟು. ಮಂಚಗಳನ್ನೂ ಗೋಡೆಗೆ ಬಿಗಿದಿದ್ದ!

“ಕಾಗೆ ಕಾಟಕ್ಕೆ ಮಾಡ್ದೆ” ಎಂದ ಮಂಟೇಸ್ವಾಮಿ, ಬಣ್ಣದ ಡಬ್ಬಿ ಹಿಡಿದುಕೊಂಡು. ಹಳೇ ಶೀಟಿನ ಗುರುತು ಮಾಸಿದೆಯೆಂದು ಅದಕ್ಕೂ ನಡುಮಧ್ಯೆ ಅಂಗೈಯಗಲ, ದಪ್ಪಗೆ ಹೊಸ ಗುರುತು ಎಳೆದಿದ್ದ.

“ಸಂಡಿಗೆ ಕಾಯಕ್ಕೆ ಆನೆ ಕೂರೋ ಅಂಥ ಚೌಕಟ್ಟು ಯಾಕ್ರೀ?”

“ಕೂರ್ಲಿ ಬುಡು, ತಡೀತದೆ” ಎಂದು ಹದಿನೇಳನೇ ನಂಬರಿನ ಸ್ಪ್ಯಾನರನ್ನು ಅಂಗಿಯ ಜೇಬಿಗಿಳಿಸಿ, ದಾಕ್ಷಾಯಣಮ್ಮನ ಹೊಸ ಡ್ರಮ್ಮಿನ ಮುಚ್ಚಳ ಭದ್ರ ಮಾಡಿಕೊಡಲು ಎದುರುಮನೆಗೆ ಹೋದ. ಮಾಡಿದ ತಪ್ಪಿಗೆ ಪ್ರಾಯಶ್ಚಿತ್ತ ಬೇಡವೇ!

ಮೂರೂವರೆಗೆ ಚಾಮುಂಡಿ ಬೆಟ್ಟದ ಕಡೆಯಿಂದ ಮೋಡ ಕವಿಯಿತು. ಗಾಳಿ ಎದ್ದಿತು. ಚಿಕ್ಕಮಾದಮ್ಮ ಹೆದರುವವಳಲ್ಲ. ಮಳೆ ಬಂದರೆ ಪ್ಲಾಸ್ಟಿಕ್ಕಿನ ನಾಲ್ಕು ಮೂಲೆ ಹಿಡಿದು, ಗಂಟು ಮಾಡಿ, ಕೆಳಗೆ ಓಡುವುದು. ಎರಡು ನಿಮಿಷದ ಕೆಲಸ. ಓಡಿ ಬಂದು ಕೈ ಹಾಕಿದಳು, ಬಲೆ! ನಟ್ಟನ್ನು ಬೆರಳಲ್ಲಿ ತಿರುವಿದಳು, ಅಡುಗೆಮನೆಯ ಇಕ್ಕಳ ತಂದು ತಿರುವಿದಳು. ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ. ಎಂಟು ಬೋಲ್ಟು, ಹದಿನಾರು ನಟ್ಟು.

“ಏನೂಂದ್ರೆ! ಬೇಗ ಬನ್ರೀ!” ಎಂದು ಕಿರುಚಿದಳು.

ಎದುರು ತಾರಸಿಯಿಂದ ಮಂಟೇಸ್ವಾಮಿ ಕೈ ಬೀಸಿದ. “ಭಯ ಬ್ಯಾಡ ಕಣಮ್ಮಿ! ಎಲ್ಲಾ ಗಟ್ಟಿಯಾಗದೆ!”

“ಗಟ್ಟಿಯಾಗಿರೋದೇ ತೊಂದ್ರೆ ಕಣ್ರೀ!”

ಅವಳಿಗೆ ಅಳುವೇ ಬಂತು. ಈಗ ನೆಂದರೆ ಮತ್ತೆ ಒತ್ತಿ ಒಣಗಿಸಲು ದಿನವೆಲ್ಲಿ? ಇನ್ನೂರೈವತ್ತು ಎಲೆಯ ಮುಂದೆ ಯಾವ ಮುಖ ಹೊತ್ತು ನಿಲ್ಲುವುದು? ಗಂಡನ ಮೇಲೆ ಬಂದ ಸಿಟ್ಟಂತೂ ಕೇಳಲೇಬೇಡಿ.

ಮಂಟೇಸ್ವಾಮಿ ಪಂಚೆ ಎತ್ತಿಕಟ್ಟಿ ಓಡಿ ಬಂದ. ಹಿಂದೆಯೇ ಏದುಸಿರು ಬಿಡುತ್ತಾ ದಾಕ್ಷಾಯಣಮ್ಮ. ಮೊದಲ ನಟ್ಟು ಬಿಚ್ಚಿತು, ಎರಡನೆಯದೂ ಬಿಚ್ಚಿತು. ಮೂರನೆಯದು ಜಗ್ಗಲೇ ಇಲ್ಲ.

“ಯಾವ ಬಡ್ಡೀಮಗ ಇಷ್ಟು ಬಿಗಿದವ್ನೆ ಇದ!” ಎಂದುಬಿಟ್ಟ ಮಂಟೇಸ್ವಾಮಿ. ಹೆಂಗಸರಿಬ್ಬರೂ ಅವನ ಮುಖವನ್ನೇ ನೋಡಿದರು. ಅವನು ತಲೆ ತಗ್ಗಿಸಿ ಜೋರಾಗಿ ತಿರುವಿದ.

ಮೂರನೆಯದು ಬಿಚ್ಚುವಷ್ಟರಲ್ಲಿ ದಪ್ಪ ಹನಿ ಬೀಳತೊಡಗಿತು. ಚಿಕ್ಕಮಾದಮ್ಮನ ಕಣ್ಣು ಟ್ಯಾಂಕಿನ ಕಂಬದ ಕಡೆ ಹೋಯಿತು. “ಇದ ಬುಡಿ! ಆ ಶೀಟು ಬಿಚ್ಚಿ, ಮುಚ್ಚನ!”

ಅವನ ಕೈ ನಿಂತಿತು. “ಬ್ಯಾಡ ಕಣಮ್ಮಿ. ಅದು ಹಾರ್ತದೆ.” ಹೇಳಿದ್ದು ಹೆಂಡತಿಗೆ, ನೋಡಿದ್ದು ದಾಕ್ಷಾಯಣಮ್ಮನನ್ನು. ಒಂದು ವರ್ಷ ತಿಂದ ಮಾತೆಲ್ಲ ಅವನ ಮುಖದ ಮೇಲಿತ್ತು.

“ಬಿಚ್ಚು ಮಂಟಣ್ಣ” ಎಂದಳು ದಾಕ್ಷಾಯಣಮ್ಮ. “ಹಾರಿದ್ರೂ ನಮ್ಮನೆಗೇ ತಾನೆ ಬರೋದು? ದಾರಿ ಗೊತ್ತದೆ ಅದಕ್ಕೆ.”

ಬಿಚ್ಚಿದ. ಮೂವರೂ ಹಿಡಿದು ಮಂಚಗಳ ಮೇಲೆ ಹಾಕಿದರು. ಹಾಕಿದ್ದೇ ತಡ, ಗಾಳಿ ಕೆಳಗಿಂದ ನುಗ್ಗಿ ಶೀಟಿನ ಒಂದು ಅಂಚನ್ನು ಎತ್ತಿತು. ದಾಕ್ಷಾಯಣಮ್ಮ ಸೆರಗು ಸಿಕ್ಕಿಸಿ, ಹತ್ತಿ, ಆ ಅಂಚಿನ ಮೇಲೆ ಕೂತೇಬಿಟ್ಟಳು. ಇನ್ನೊಂದು ತುದಿಗೆ ಚಿಕ್ಕಮಾದಮ್ಮ, ನಡುವೆ ಮಂಟೇಸ್ವಾಮಿ. ಚೌಕಟ್ಟು ಕಿರ್ರೆನ್ನಲಿಲ್ಲ. ಮಳೆ ರಪರಪ ಬಾರಿಸಿತು, ಬೀದಿಯ ಬೇವಿನ ಕೊಂಬೆಯೊಂದು ಮುರಿದು ಬಿತ್ತು.

ಕೆಳಗಿನ ಯಾವುದೋ ಕಿಟಕಿಯಿಂದ ಆ ಹಳೇ ಕೂಗು ಬಂತು. “ಮಂಟಣ್ಣ, ಶೀಟು ಕಟ್ಟಾಕಿದ್ದೀಯಾ?”

ಅವನು ಬಾಯಿ ತೆರೆಯುವ ಮೊದಲೇ ದಾಕ್ಷಾಯಣಮ್ಮ ಕೂಗಿದಳು. “ಈ ಸಲ ನಟ್ಟೂ ನಾನೇ, ಬೋಲ್ಟೂ ನಾನೇ ಕಣ್ರೋ! ಸುಮ್ಕೆ ಒಳಗಿರಿ!”

ಕಿಟಕಿ ಮುಚ್ಚಿತು. ಮಂಟೇಸ್ವಾಮಿ ಮುಖ ಒರೆಸಿಕೊಂಡ. ಒರೆಸಿದ್ದು ಮಳೆನೀರು ಮಾತ್ರವಲ್ಲ ಎಂಬುದು ಹೆಂಡತಿಗೆ ಗೊತ್ತಾಯಿತು, ಅವಳ ಸಿಟ್ಟು ಅಲ್ಲಿಗೇ ಇಳಿಯಿತು.

ಇಪ್ಪತ್ತು ನಿಮಿಷಕ್ಕೆ ಮಳೆ ನಿಂತಿತು. ಶೀಟು ಎತ್ತಿ ನೋಡಿದರೆ, ಅಂಚಿನ ಎರಡು ಸಾಲು ಬಿಟ್ಟು ಸಂಡಿಗೆಯೆಲ್ಲ ಒಣಒಣ. ಚಿಕ್ಕಮಾದಮ್ಮ ಬಲೆಯ ಮೇಲೆ ಅಂಗೈಯಿಂದ ಮೆಲ್ಲಗೆ ತಟ್ಟಿದಳು.

ಒಣಬಟ್ಟೆ ತರುತ್ತೇನೆಂದು ಮಂಟೇಸ್ವಾಮಿ ಮೆಟ್ಟಿಲಿನತ್ತ ತಿರುಗಿದ. ಹಿಂದಿನಿಂದ ಹೆಂಗಸರಿಬ್ಬರೂ ಒಟ್ಟಿಗೆ ಬಿದ್ದು ಬಿದ್ದು ನಗತೊಡಗಿದರು. ಶೀಟಿನ ಆರದ ಬಣ್ಣದ ಮೇಲೆ ಕೂತಿದ್ದನಲ್ಲ, ಬಿಳೀ ಪಂಚೆಯ ಹಿಂಭಾಗದಲ್ಲಿ ಅಂಗೈಯಗಲದ ಕೆಂಪು ಗುರುತು.

“ಏನು? ಏನಾಯ್ತು?” ಎಂದ.

“ಗುರುತು ಬಿದ್ದದೆ ಮಂಟಣ್ಣ” ಎಂದಳು ದಾಕ್ಷಾಯಣಮ್ಮ, ಕಣ್ಣೊರೆಸಿಕೊಳ್ಳುತ್ತಾ. “ಇನ್ನ ನೀನು ಎಲ್ಲೂ ಹಾರಕಿಲ್ಲ ಬುಡು.”

ಹದಿನಾಲ್ಕಕ್ಕೆ ಎಲೆಗೆರಡರಂತೆ ಸಂಡಿಗೆ ಬಿತ್ತು. ಹದಿನೇಳನೇ ನಂಬರಿನ ಸ್ಪ್ಯಾನರ್ ಮಾತ್ರ ಈಗ ಚಿಕ್ಕಮಾದಮ್ಮನ ಅಡುಗೆಮನೆಯಲ್ಲಿ, ಜರಡಿಯ ಪಕ್ಕದ ಮೊಳೆಯಲ್ಲಿ ತೂಗುತ್ತದೆ. ಬೇಕಾದಾಗ ಮಂಟೇಸ್ವಾಮಿ ಬಂದು ಕೇಳಬೇಕು. ಯಾತಕ್ಕೆ ಎಂದು ಹೇಳಿದ ಮೇಲೆಯೇ ಅವಳು ಕೊಡುವುದು.